ಚಳಿಗಾಲದ ಊಟಕ್ಕೆ ಗೆಣಸು ಗಜ್ಜರಿಗಳ ಭರ್ತ

ಅನ್ನವು ಎಷ್ಟು ರುಚಿಯಾಗಿದ್ದರೂ ದೇಶ, ಕಾಲ, ದೇಹಸ್ಥಿತಿಗಳೆಂಬ ಮೂರಕ್ಕೆ ಹೊಂದಿಕೊಳ್ಳದಿದ್ದರೆ ಅದು ಪಥ್ಯವಾಗಲಾರದೆಂಬುದು ನಮ್ಮ ಪೂರ್ವಿಕರ ಅನುಭವವು. ವಿಜಯಪುರದ ಸೀಮೆಯು ಬಿಸಿಲಿನ ನಾಡೆಂದು ಹೊರಗಿನವರೆಲ್ಲರೂ ಬಲ್ಲರು. ಇಲ್ಲಿಯ ಚಳಿಯನ್ನು ಮಾತ್ರ ಇಲ್ಲಿ ಬಾಳಿದವರೇ ಬಲ್ಲರು. ಮಾರ್ಗಶಿರ ಪುಷ್ಯಮಾಸಗಳಲ್ಲಿ ಕೆಲವು ರಾತ್ರಿ ಉಷ್ಣಮಾಪಕದ ಪಾದರಸವು ೧೦ ಡಿಗ್ರಿ ಸೆಲ್ಸಿಯಸ್ಸಿಗಿಂತಲೂ ಕೆಳಗಿಳಿಯುವುದುಂಟು. ಈ ನಗರವು ಸಮುದ್ರದಿಂದ ಬಹುದೂರದಲ್ಲಿ, ಸುಮಾರು ೬೦೦ ಮೀಟರು ಎತ್ತರದ ಬಯಲಿನ ಮೇಲಿದೆ. ಗಾಳಿಯಲ್ಲಿ ತೇವವಿಲ್ಲ, ಆಕಾಶದಲ್ಲಿ ಮೋಡವಿಲ್ಲ. ಆದುದರಿಂದ ಹಗಲೆಲ್ಲ ನೆಲವು ಕೂಡಿಟ್ಟ ಶಾಖವು ಸಂಜೆಯಾದೊಡನೆ ಯಾವ ತಡೆಯೂ ಇಲ್ಲದೆ ಮೇಲಕ್ಕೆ ಹೋಗಿಬಿಡುತ್ತದೆ. ಮಧ್ಯಾಹ್ನ ಛತ್ರಿ ಹಿಡಿದು ನಡೆದವನೇ ಇರುಳು ಕಂಬಳಿ ಹೊದೆಯಬೇಕಾಗುವ ವಿಚಿತ್ರವು ಹೀಗೆ ಉಂಟಾಗುವುದು.

ಇಂತಹ ಕಾಲಕ್ಕೆ ಎಂತಹ ಆಹಾರವು ತಕ್ಕುದು? ವಾಗ್ಭಟಾಚಾರ್ಯನು ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ೩ನೆಯ ಅಧ್ಯಾಯವನ್ನು ಋತುಚರ್ಯೆಗೇ ಮೀಸಲಿಟ್ಟಿದ್ದಾನೆ. ಹೇಮಂತದಲ್ಲಿ ಹೊರಗಿನ ಶೀತವು ದೇಹದ ಉಷ್ಣವನ್ನು ಒಳಗೇ ತಡೆಯುವುದರಿಂದ ಜಠರಾಗ್ನಿಯು ಪ್ರಬಲವಾಗುವುದೆಂದೂ, ಅದಕ್ಕೆ ಸಾಕಷ್ಟು ಇಂಧನವು ದೊರೆಯದಿದ್ದರೆ ಅದು ಧಾತುಗಳನ್ನೇ ಸುಡುವುದೆಂದೂ, ಆದಕಾರಣ ಆಗ ಸಿಹಿ, ಹುಳಿ, ಉಪ್ಪು ಎಂಬ ಮೂರು ರಸಗಳನ್ನು ಸ್ನಿಗ್ಧಪದಾರ್ಥಗಳೊಡನೆ ಸೇವಿಸಬೇಕೆಂದೂ ಆತನ ಅಭಿಪ್ರಾಯವು. ನಾವು ಈ ಲೇಖನದಲ್ಲಿ ಹೇಳಲಿರುವ ಗೆಣಸು ಗಜ್ಜರಿಗಳ ಭರ್ತದಲ್ಲಿ ಸಿಹಿಯು ಗಡ್ಡೆಯಿಂದಲೂ, ಹುಳಿಯು ನಿಂಬೆಯಿಂದಲೂ, ಸ್ನಿಗ್ಧತೆಯು ಎಣ್ಣೆ ಶೇಂಗಾಗಳಿಂದಲೂ ಬರುವುವು. ಉಪ್ಪಂತೂ ನಮ್ಮ ಕೈಯಲ್ಲಿಯೇ ಇದೆ. ಶಾಸ್ತ್ರವನ್ನೋದದ ಗೃಹಿಣಿಯೂ ಶಾಸ್ತ್ರಕ್ಕೆ ಒಪ್ಪುವ ಅಡಿಗೆಯನ್ನೇ ಮಾಡುತ್ತಿರುವಳೆಂಬುದಕ್ಕೆ ಇದೊಂದು ಸಾಕ್ಷಿ.

ಆದರೆ ಈ ಪದಾರ್ಥದ ಪ್ರಯೋಜನವು ನಾಲಿಗೆಯ ತೃಪ್ತಿಯಲ್ಲಿಯೇ ಮುಗಿಯುವುದಿಲ್ಲ. ಚಳಿಗಾಲದಲ್ಲಿ ನಮ್ಮ ಮನೆಗಳಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯೂ ಬಿಳಿಜೋಳದ ರೊಟ್ಟಿಯೂ ದಿನದಿನದ ಊಟವಾಗಿರುತ್ತವೆ. ಗಟ್ಟಿ ಹಲ್ಲುಳ್ಳವರಿಗೆ ಅದು ಅಮೃತವೇ ಸರಿ. ಆದರೆ ಅದೇ ಪಂಕ್ತಿಯಲ್ಲಿ ಹಲ್ಲುದುರಿದ ಅಜ್ಜಿಯೂ, ಹಲ್ಲು ಮೂಡುತ್ತಿರುವ ಕೂಸೂ ಇರುವರಲ್ಲವೆ? ಟಿಕೋಟಾದಲ್ಲಿ ನಮಗೆ ಪರಿಚಿತವಾದ ಒಂದು ಮನೆಯ ಸಂಗತಿ. ಆ ಮನೆಯ ವೃದ್ಧೆಯು ಒಂದು ಚಳಿಗಾಲದಲ್ಲಿ ದಿನದಿನಕ್ಕೆ ಸೊರಗತೊಡಗಿದಳು. ತಟ್ಟೆಯ ಮುಂದೆ ಕುಳಿತು ಎರಡು ತುತ್ತು ತಿಂದು, ‘ಸಾಕವ್ವಾ, ಹೊಟ್ಟಿ ತುಂಬೇತಿ’ ಎಂದು ಸರಿಸಿಬಿಡುವಳು. ಮಕ್ಕಳು ಏನೋ ಒಳಗಿನ ರೋಗವೆಂದು ಬೆದರಿದರು, ವೈದ್ಯರಿಗೆ ತೋರಿಸಿದರು, ರೋಗವು ಕಾಣಲಿಲ್ಲ. ಒಂದು ಸಂಜೆ ಸೊಸೆಯು ಮೊಮ್ಮಗನಿಗಾಗಿ ನುರಿಸಿದ ಗೆಣಸಿನಲ್ಲಿ ಸ್ವಲ್ಪವನ್ನು ಅತ್ತೆಗೂ ಬಡಿಸಿದಳು. ಆಕೆ ಅದನ್ನು ಮುಗಿಸಿ ಮೆಲ್ಲನೆ, ‘ಇನ್ನೊಂದೀಟು ನೀಡವಾ’ ಎಂದಳಂತೆ. ಹಸಿವು ಇದ್ದೇ ಇತ್ತು, ಅಗಿಯುವ ಶಕ್ತಿಯಿರಲಿಲ್ಲ, ಹೇಳಿಕೊಳ್ಳಲು ಸಂಕೋಚವಿತ್ತು. ಮುಪ್ಪಿನವರು ‘ಹಸಿವಿಲ್ಲ’ ಎಂದಾಗ ಮೊದಲು ಅವರ ಹಲ್ಲನ್ನೂ ಒಸಡನ್ನೂ ವಿಚಾರಿಸಬೇಕೆಂಬುದನ್ನು ನಾವು ಆ ಮನೆಯಿಂದ ಕಲಿತೆವು.

ಇನ್ನು ಪದಾರ್ಥಗಳ ವಿಚಾರ. ‘ಕಂದಮೂಲ’ವೆಂದು ನಾವು ಒಂದೇ ಉಸಿರಿನಲ್ಲಿ ಹೇಳುವೆವಾದರೂ ಕಂದವು ಬೇರೆ, ಮೂಲವು ಬೇರೆ. ಗಜ್ಜರಿಯೂ ಮೂಲಂಗಿಯೂ ನೆಟ್ಟಗೆ ಇಳಿದು ದಪ್ಪವಾದ ತಾಯಿಬೇರುಗಳು. ಗೆಣಸೂ ಬೇರೇ, ಬಳ್ಳಿಯ ಬುಡದಿಂದ ಹೊರಟು ಉಬ್ಬಿದುದು. ಬಟಾಟೆಯಾದರೋ ಬೇರಲ್ಲ, ನೆಲದೊಳಗೆ ಅಡಗಿದ ಕಾಂಡ. ಅದರ ಕಣ್ಣುಗಳೇ ಅದಕ್ಕೆ ಪ್ರಮಾಣ. ವಿನೋದವೇನೆಂದರೆ ‘ಬಟಾಟ’ ಎಂಬ ಹೆಸರು ಮೂಲದಲ್ಲಿ ಗೆಣಸಿನದು. ಅಮೆರಿಕೆಯ ದ್ವೀಪವಾಸಿಗಳು ಗೆಣಸನ್ನು ಹಾಗೆ ಕರೆಯುತ್ತಿದ್ದರು. ಆ ಶಬ್ದವು ಐರೋಪ್ಯರ ಬಾಯಿಗೆ ಬಿದ್ದು, ಮುಂದೆ ಬೇರೊಂದು ಗಡ್ಡೆಗೆ ಅಂಟಿಕೊಂಡು, ನಮ್ಮ ಸಂತೆಯವರೆಗೂ ಬಂದಿದೆ.

ಕಲ್ಯಾಣದ ಚಾಲುಕ್ಯ ದೊರೆ ೩ನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜಭೋಜನದ ವಿಸ್ತಾರವಾದ ವರ್ಣನೆಯಿದೆ. ಆದರೆ ಆ ಪಾಕಶಾಲೆಯಲ್ಲಿ ಅಮೆರಿಕೆಯ ಈ ಗೆಣಸಿರಲಿಲ್ಲ, ಮೆಣಸಿನಕಾಯಿಯಿರಲಿಲ್ಲ, ಶೇಂಗಾ ಇರಲಿಲ್ಲ. ಕೊಲಂಬಸನು ೧೪೯೨ರಲ್ಲಿ ಅಟ್ಲಾಂಟಿಕ ಸಾಗರವನ್ನು ದಾಟಿದ ಮೇಲೆಯೇ ಅವು ಹಳೆಯ ಜಗತ್ತಿಗೆ ಬಂದವು. ಗೋವೆಯು ಮೊದಲು ವಿಜಯಪುರದ ಆದಿಲಶಾಹಿಗಳದಾಗಿತ್ತು. ೧೫೧೦ರಲ್ಲಿ ಪೋರ್ಚುಗೀಸರ ಅಲ್ಬುಕೆರ್ಕನು ಅದನ್ನು ಗೆದ್ದನು. ಆದಿಲಶಾಹಿಗಳಿಗೆ ಅದು ದೊಡ್ಡ ನಷ್ಟವೇ. ಆದರೆ ಪೋರ್ಚುಗೀಸರ ಹಡಗುಗಳಲ್ಲಿ ಬಂದ ಗಿಡ ಬಳ್ಳಿಗಳು ಮುಂದಿನ ತಲೆಮಾರುಗಳಲ್ಲಿ ಘಟ್ಟವನ್ನೇರಿ ಬಡವರ ಹೊಟ್ಟೆ ತುಂಬಿದುವು. ಗಜ್ಜರಿಯು ಪಶ್ಚಿಮೋತ್ತರದ ದಾರಿಯಿಂದ, ಮಧ್ಯ ಏಷ್ಯದ ಕಡೆಯಿಂದ ಬಂದುದು. ನಾಲ್ಕು ದಿಕ್ಕಿನಿಂದ ಬಂದ ಅತಿಥಿಗಳು ಒಂದೇ ಬೋಗುಣಿಯಲ್ಲಿ ಕೂಡಿ ಇಂದು ‘ನಮ್ಮೂರ ಅಡಿಗೆ’ ಎನ್ನಿಸಿಕೊಂಡಿವೆ!

ಡೋಣಿ ತೀರದ ಎರೆಭೂಮಿಯು ಹಿಂಗಾರಿ ಜೋಳಕ್ಕೆ ಹೆಸರಾದುದು. ಆದರೆ ಒಣಗಿದಾಗ ಬಿರಿದು ಗಟ್ಟಿಯಾಗುವ ಆ ಮಣ್ಣಿನಲ್ಲಿ ಬೇರಿನ ಬೆಳೆಗಳು ಸಲೀಸಾಗಿ ಇಳಿಯವು. ಅವಕ್ಕೆ ಸಡಿಲವಾದ ಮಸಬು ನೆಲವೇ ಲೇಸು. ಗೆಣಸಿಗೆ ಹೆಸರಾದುದು ಬೆಳಗಾವಿಯ ಸೀಮೆ. ಅಲ್ಲಿಂದ ಅದು ದೂರದೂರದ ಪೇಟೆಗಳಿಗೆ ಹೋಗುತ್ತದೆ. ಟಿಕೋಟಾ ಬಬಲೇಶ್ವರಗಳಲ್ಲಿ ಹಿಂದೆ ಬಾವಿಯ ನೀರಿದ್ದವರು ಮಾತ್ರ ನಾಲ್ಕು ಮಡಿ ಕಾಯಿಪಲ್ಯೆ ಮಾಡಿಕೊಳ್ಳುತ್ತಿದ್ದರು. ಈಚೆಗೆ ಕೃಷ್ಣೆಯ ನೀರು ಏತನೀರಾವರಿಯಿಂದ ಮೇಲಕ್ಕೆ ಬಂದು ಆ ಭಾಗದ ರೂಪವೇ ಬದಲಾಗಿದೆ. ದ್ರಾಕ್ಷಿಯ ಪಡಗಳೊಡನೆ ಕಾಯಿಪಲ್ಯೆಯ ಮಡಿಗಳೂ ಹೆಚ್ಚಿವೆ. ಎಳ್ಳಮಾವಾಸ್ಯೆಯಿಂದ ಹಿಡಿದು ಭೋಗಿ, ಸಂಕ್ರಮಣ, ನಗರದ ಸಿದ್ಧೇಶ್ವರ ಜಾತ್ರೆ, ಮುಂದೆ ಶಿವರಾತ್ರಿಯವರೆಗೆ ಗೆಣಸು ಗಜ್ಜರಿಗಳ ಸುಗ್ಗಿಯೇ.

ಈಗ ಮಾಡುವ ಕ್ರಮ. ನಾಲ್ಕೈದು ಜನರ ಊಟಕ್ಕೆ ಗೆಣಸು ಅರ್ಧ ಕಿಲೋ, ಗಜ್ಜರಿ ಕಾಲು ಕಿಲೋ, ಹಸಿಮೆಣಸಿನಕಾಯಿ ೩, ಬೆಳ್ಳುಳ್ಳಿ ೬ ಎಸಳು, ಹಸಿಶುಂಠಿ ಬೆರಳ ಗೆಣ್ಣಿನಷ್ಟು, ಹುರಿದು ಕುಟ್ಟಿದ ಶೇಂಗಾ ಪುಡಿ ೩ ಚಮಚ, ಕುಸುಬಿ ಎಣ್ಣೆ ೨ ಚಮಚ, ಅರ್ಧ ನಿಂಬೆಹಣ್ಣು, ಸಾಸಿವೆ, ಜೀರಿಗೆ, ಇಂಗು, ಅರಿಸಿನ, ಕರಿಬೇವು, ಕೊತ್ತಂಬರಿ ಮತ್ತು ರುಚಿಗೆ ತಕ್ಕ ಉಪ್ಪು. ಗೆಣಸು ಕೊಳ್ಳುವಾಗ ಮಧ್ಯಮ ಗಾತ್ರದ, ಗಟ್ಟಿಯಾದ, ಗಾಯವಿಲ್ಲದವುಗಳನ್ನು ಆರಿಸತಕ್ಕದ್ದು. ಕಪ್ಪು ಕಲೆಯಾಗಿ, ಬೂಷ್ಟು ಹಿಡಿದು ಕಹಿವಾಸನೆ ಬರುವ ಗೆಣಸನ್ನು ಕೊಯ್ದು ಉಳಿದ ಭಾಗವನ್ನು ಉಪಯೋಗಿಸಬಾರದು. ಆ ಕೊಳೆತದಿಂದ ಹುಟ್ಟುವ ವಿಷವು ಕುದಿಸಿದರೂ ಹೋಗದು.

ಗೆಣಸನ್ನು ಮಣ್ಣು ಹೋಗುವಂತೆ ತಿಕ್ಕಿ ತೊಳೆದು, ಸಿಪ್ಪೆ ಸಹಿತವಾಗಿಯೇ ಎರಡು ಹೋಳು ಮಾಡಿ, ತಣ್ಣೀರಿನಲ್ಲಿಟ್ಟು ಸಣ್ಣ ಉರಿಯ ಮೇಲೆ ಬೇಯಿಸತಕ್ಕದ್ದು. ಇದಕ್ಕೆ ಕಾರಣವುಂಟು. ಗೆಣಸಿನಲ್ಲಿರುವ ಒಂದು ಪಾಚಕದ್ರವ್ಯವು ಸುಮಾರು ೬೦ ರಿಂದ ೭೫ ಡಿಗ್ರಿಯ ಶಾಖದಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತದೆ; ಶಾಖವು ಅದಕ್ಕಿಂತ ಬಹಳ ಏರಿದರೆ ಆ ದ್ರವ್ಯವೇ ನಾಶವಾಗುವುದು. ನಿಧಾನವಾಗಿ ಕಾದಾಗ ಅದಕ್ಕೆ ಕೆಲಸ ಮಾಡಲು ಅವಕಾಶವು ಸಿಗುತ್ತದೆ. ಕುಕ್ಕರಿನಲ್ಲಿ ಅವಸರದಿಂದ ಬೆಂದ ಗೆಣಸು ಸಪ್ಪೆಯೆನಿಸುವುದೂ, ಒಲೆಯ ಬೂದಿಯಲ್ಲಿ ಮುಚ್ಚಿಟ್ಟುದು ಜೇನಿನಂತಾಗುವುದೂ ಇದರಿಂದಲೇ. ಗಜ್ಜರಿಯು ಗೆಣಸಿಗಿಂತ ತಡವಾಗಿ ಮೆತ್ತಗಾಗುವುದಾದ್ದರಿಂದ ಅದನ್ನು ತೆಳ್ಳಗೆ ಹೆಚ್ಚಿ, ಬೇರೆ ಪಾತ್ರೆಯಲ್ಲಿ ಸ್ವಲ್ಪವೇ ನೀರು ಹಾಕಿ, ಮುಚ್ಚಿ ಬೇಯಿಸಬೇಕು. ಬೆರಳಿನಿಂದ ಒತ್ತಿದರೆ ಸುಲಭವಾಗಿ ನುರಿಯುವಂತಿದ್ದರೆ ಬೆಂದಿತೆಂದು ತಿಳಿಯಬೇಕು.

ಬಿಸಿಯಾರುವ ಮುನ್ನವೇ ಗೆಣಸಿನ ಸಿಪ್ಪೆ ತೆಗೆದು, ಎರಡನ್ನೂ ಬೋಗುಣಿಯಲ್ಲಿ ಕೂಡಿಸಿ, ಕಟ್ಟಿಗೆಯ ಸೌಟಿನ ಬೆನ್ನಿನಿಂದ ನುರಿಸತಕ್ಕದ್ದು. ರುಬ್ಬುವ ಯಂತ್ರಕ್ಕೆ ಹಾಕಕೂಡದು. ಹರಿತವಾದ ಅಲಗು ಪಿಷ್ಟದ ಕೋಶಗಳನ್ನೆಲ್ಲ ಒಡೆದು ಪದಾರ್ಥವನ್ನು ಅಂಟಿನಂತೆ ಮಾಡಿಬಿಡುತ್ತದೆ. ಬಳಿಕ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಇಂಗು, ಕರಿಬೇವುಗಳ ಒಗ್ಗರಣೆ ಮಾಡಿ, ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಮೆಣಸಿನಕಾಯಿಗಳನ್ನು ಅದರಲ್ಲಿ ಬಾಡಿಸಿ, ಅರಿಸಿನ ಉದುರಿಸಿ, ನುರಿಸಿದ ಗಡ್ಡೆಯ ಮೇಲೆ ಸುರಿಯಬೇಕು. ಉಪ್ಪು, ಶೇಂಗಾ ಪುಡಿಗಳನ್ನು ಬೆರೆಸಿ, ಒಲೆಯಿಂದ ಇಳಿಸಿದ ಮೇಲೆ ನಿಂಬೆಯ ರಸ ಹಿಂಡಿ, ಕೊತ್ತಂಬರಿ ಹಾಕಿದರೆ ಭರ್ತವು ಸಿದ್ಧ. ಇಂಡಿಯ ನಿಂಬೆಯಾದರೆ ಹುಳಿಯೂ ಪರಿಮಳವೂ ಒಟ್ಟಿಗೇ ದೊರೆತಂತಾಯಿತು. ಶೇಂಗಾದ ಬದಲು ಹುರಿದ ಗುರೆಳ್ಳಿನ ಪುಡಿಯನ್ನು ಬೆರೆಸುವುದೂ ಉಂಟು. ಮಧ್ಯಾಹ್ನದ ಊಟಕ್ಕಾದರೆ ನಿಂಬೆಯನ್ನು ಬಿಟ್ಟು, ಆರಿದ ಮೇಲೆ ಗಟ್ಟಿ ಮೊಸರನ್ನು ಕಲಸಬಹುದು.

ಆರು ತಿಂಗಳು ತುಂಬಿದ ಕೂಸಿಗೆ ಕೊಡುವುದಾದರೆ ಒಗ್ಗರಣೆಗೆ ಮೊದಲೇ ಒಂದು ಪಾಲನ್ನು ಬೇರೆ ತೆಗೆದು, ಗಂಟಿಲ್ಲದಂತೆ ನುರಿಸಿ, ನಾಲ್ಕು ಹನಿ ತುಪ್ಪವನ್ನಷ್ಟೇ ಬೆರೆಸಬೇಕು. ಹಲ್ಲಿಲ್ಲದ ಹಿರಿಯರಿಗೆ ಶೇಂಗಾವನ್ನು ಹಿಟ್ಟಿನಂತೆ ನುಣ್ಣಗೆ ಮಾಡಿ ಹಾಕಬೇಕು. ತರಿಯು ಗಂಟಲಿಗೆ ತೊಡಕಾದೀತು. ಮಧುಮೇಹವುಳ್ಳವರು ಇದನ್ನು ರೊಟ್ಟಿಯ ಜೊತೆಗೆ ಹೆಚ್ಚಾಗಿ ಅಲ್ಲ, ಒಂದು ರೊಟ್ಟಿಯನ್ನು ಕಡಿಮೆ ಮಾಡಿ ಅದರ ಸ್ಥಾನದಲ್ಲಿ ಮಿತವಾಗಿ ತೆಗೆದುಕೊಳ್ಳತಕ್ಕದ್ದು. ಅವರ ಪಾಲಿಗೆ ಸುಟ್ಟ ಗೆಣಸಿಗಿಂತ ನೀರಿನಲ್ಲಿ ಬೆಂದುದೇ ಮೇಲು.

ಗಜ್ಜರಿಯನ್ನು ಸೇರಿಸುವುದು ಕೇವಲ ಬಣ್ಣಕ್ಕಾಗಿ ಅಲ್ಲ. ಅದರ ಕೆಂಬಣ್ಣದಲ್ಲಿಯೇ ಅದರ ಗುಣವಿದೆ. ಆ ವರ್ಣದ್ರವ್ಯವು ನಮ್ಮ ದೇಹದಲ್ಲಿ ‘ಎ’ ಜೀವಸತ್ವವಾಗಿ ಪರಿಣಮಿಸುತ್ತದೆ. ಅದರ ಕೊರತೆಯಿಂದ ಮಕ್ಕಳಿಗೆ ಇರುಳುಗುರುಡು ಬರುವುದು. ಅಲಕ್ಷಿಸಿದರೆ ಕಣ್ಣೇ ಹೋಗಬಹುದು. ಭಾರತ ಸರಕಾರವು ೧೯೭೦ರಲ್ಲಿ ಮಕ್ಕಳಿಗೆ ಈ ಜೀವಸತ್ವದ ಔಷಧವನ್ನು ಕುಡಿಸುವ ಯೋಜನೆಯನ್ನು ಆರಂಭಿಸಬೇಕಾಯಿತೆಂದರೆ ಆಗಿನ ಸಂಕಟವನ್ನು ಊಹಿಸಬಹುದು. ಬಿಳಿಯ ಗೆಣಸಿನಲ್ಲಿ ಈ ದ್ರವ್ಯವು ಬಹಳ ಕಡಿಮೆ. ಕಿತ್ತಳೆಬಣ್ಣದ ಗೆಣಸಿನಲ್ಲಿಯೂ ಗಜ್ಜರಿಯಲ್ಲಿಯೂ ಹೇರಳ. ಇದು ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುವಂಥದು. ಆದುದರಿಂದ ಬೇಯಿಸಿ, ನುರಿಸಿ, ಎಣ್ಣೆಯ ಒಗ್ಗರಣೆ ಕೊಟ್ಟಾಗ ದೇಹವು ಹಸಿಯದರಿಂದ ಪಡೆಯುವುದಕ್ಕಿಂತ ಹೆಚ್ಚು ಪ್ರಯೋಜನವನ್ನು ಪಡೆಯುವುದು. ಔಷಧದ ಮಾತು ಬಂದಾಗ ವೈದ್ಯರ ಮಾತೇ ಪ್ರಮಾಣ. ಆದರೂ ದಿನದ ತಟ್ಟೆಯೇ ಮೊದಲ ರಕ್ಷೆಯೆಂಬುದನ್ನು ಮರೆಯಬಾರದು.

ಗಡ್ಡೆಗಳ ವಿಷಯದಲ್ಲಿ ಆಚಾರಭೇದಗಳೂ ಉಂಟು. ಮನುಸ್ಮೃತಿಯ ೫ನೆಯ ಅಧ್ಯಾಯವು ಬೆಳ್ಳುಳ್ಳಿ ನೀರುಳ್ಳಿಗಳೊಡನೆ ಗೃಂಜನವನ್ನೂ ನಿಷೇಧಿಸುತ್ತದೆ. ಗೃಂಜನವೆಂದರೆ ಗಜ್ಜರಿಯೆಂದು ಅರ್ಥಮಾಡಿ ಕೆಲವರು ಅದನ್ನು ಬಿಟ್ಟಿರುವರು. ಆ ಶಬ್ದಕ್ಕೆ ನೀರುಳ್ಳಿಯ ಜಾತಿಯ ಗಡ್ಡೆಯೆಂಬ ಅರ್ಥವೂ ಇದೆಯಾದ್ದರಿಂದ ಇದರಲ್ಲಿ ಜಗಳಕ್ಕೆ ಕಾರಣವಿಲ್ಲ. ಏಕಾದಶಿ ಶಿವರಾತ್ರಿಗಳಲ್ಲಿ ಉಪವಾಸವಿರುವವರು ಸಾಸಿವೆ, ಇಂಗು, ಅರಿಸಿನ, ಬೆಳ್ಳುಳ್ಳಿಗಳನ್ನು ಬಿಟ್ಟು, ತುಪ್ಪ ಜೀರಿಗೆಗಳೊಡನೆ ಬರಿಯ ಗೆಣಸಿನದನ್ನೇ ಮಾಡುವರು. ಜೈನ ಬಂಧುಗಳು ನೆಲದೊಳಗಿನ ಗಡ್ಡೆಗಳನ್ನೇ ಮುಟ್ಟುವುದಿಲ್ಲ. ಅಂತಹ ಅತಿಥಿಗಳು ಬಂದ ದಿನ ಶುಂಠಿ ಬೆಳ್ಳುಳ್ಳಿ ಅರಿಸಿನಗಳಿಲ್ಲದೆ ಕೆಂಪು ಕುಂಬಳಕಾಯಿಯಿಂದ ಇದೇ ಭರ್ತವನ್ನು ಮಾಡಿದರೆ ರುಚಿಗೂ ಕುಂದಿಲ್ಲ, ಆತಿಥ್ಯಕ್ಕೂ ಕುಂದಿಲ್ಲ.

ಇದರಲ್ಲಿ ದುಬಾರಿಯಾದ ಪದಾರ್ಥವೊಂದೂ ಇಲ್ಲ. ಮುಕ್ಕಾಲು ತಾಸಿನ ಕೆಲಸ. ಗಂಡಸರೂ ಇದನ್ನು ಮಾಡಬಲ್ಲರು. ನಿವೃತ್ತಿಯ ನಂತರ ನಾವೇ ಹಲವು ಸಲ ಸೌಟು ಹಿಡಿದಿದ್ದೇವೆ, ಮನೆಯವರು ಆಕ್ಷೇಪಿಸಿಲ್ಲ. ಈ ಚಳಿಗಾಲದಲ್ಲಿ ವಾಚಕ ಬಂಧುಗಳು ಒಂದು ಸಂಜೆ ಸಜ್ಜೆಯ ರೊಟ್ಟಿಯ ಮಗ್ಗುಲಿಗೆ ಬಿಸಿಬಿಸಿಯಾದ ಭರ್ತವನ್ನು ಬಡಿಸಿ, ಮೊದಲ ಪಾಲನ್ನು ಮನೆಯ ಹಿರಿಯರ ತಟ್ಟೆಗೆ ಹಾಕಿ, ಅವರು ಎಷ್ಟು ಉಣ್ಣುವರೆಂಬುದನ್ನು ಕಣ್ಣಾರೆ ನೋಡಲಿ. ಮುಪ್ಪಿನವರೂ ಮಕ್ಕಳೂ ತೃಪ್ತಿಯಿಂದ ಉಂಡು ಬೆಚ್ಚಗೆ ಮಲಗಿದ ಮನೆಯಲ್ಲಿ ಚಳಿಯು ಹೊಸ್ತಿಲಾಚೆಗೇ ನಿಲ್ಲುವುದು.