ಅಂಗಡಿಯ ಲೆಕ್ಕವೂ ಆಳಿನ ಮಾನವೂ

ವ್ಯಾಪಾರವು ನಂಬಿಗೆಯ ಮೇಲೆ ನಿಂತಿದೆಯೆಂದು ಹಿರಿಯರು ಹೇಳುವುದುಂಟು. ಮಾತು ಸುಳ್ಳಲ್ಲ. ಆದರೆ ನಂಬಿಗೆಯು ಯಾವುದರ ಮೇಲೆ ನಿಂತಿದೆಯೆಂದು ಕೇಳಿದರೆ, ಲೆಕ್ಕದ ಮೇಲೆ ಎಂದೇ ಉತ್ತರ ಕೊಡಬೇಕಾಗುತ್ತದೆ. ಜಮಖಂಡಿಯ ಕಿರಾಣಿ ಅಂಗಡಿ, ಮುಧೋಳದ ಬೀಜ-ಗೊಬ್ಬರದ ಅಂಗಡಿ, ರಬಕವಿ-ಬನಹಟ್ಟಿಯ ಸೀರೆ ಅಂಗಡಿ, ಬೀಳಗಿಯ ಪಾತ್ರೆ ಅಂಗಡಿ, ಇವುಗಳಲ್ಲಿ ಹೆಚ್ಚಿನವು ಒಬ್ಬ ಮಾಲಕ, ಇಬ್ಬರು ಮೂವರು ಆಳುಗಳಿಂದ ನಡೆಯುವಂಥವು. ಇಂಥಲ್ಲಿ ಒಳಗಿನವರಿಂದಲೇ ಕಳವಾದರೆ ಅದನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ನಡೆದುಕೊಳ್ಳುವುದು ಹೇಗೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ನನ್ನ ತಂದೆಯವರು ಕಿರಾಣಿ ಅಂಗಡಿಯೊಂದರಲ್ಲಿ ತಕ್ಕಡಿ ಹಿಡಿದವರು. ಆದುದರಿಂದ ಈ ವಿಷಯವನ್ನು ನಾನು ಪುಸ್ತಕದಿಂದ ಮಾತ್ರ ತಿಳಿದವನಲ್ಲ.

ಈ ಸಮಸ್ಯೆ ಹೊಸದೇನೂ ಅಲ್ಲ. ಅಧಿಕಾರಿಗಳು ಹಣ ಅಪಹರಿಸುವ 40 ಬಗೆಗಳನ್ನು ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಎಣಿಸಿದ್ದಾನೆ. ಅಮೇರಿಕದ ಡೇಟನ್ ನಗರದಲ್ಲಿ ಜೇಮ್ಸ್ ರಿಟ್ಟಿ ಎಂಬ ಮದ್ಯದಂಗಡಿಯವನು ತನ್ನ ಆಳುಗಳು ಹಣ ಜೇಬಿಗಿಳಿಸುವುದನ್ನು ತಡೆಯಲಾರದೆ ಬೇಸತ್ತಿದ್ದನು. ಹಡಗಿನ ಯಂತ್ರದ ಸುತ್ತುಗಳನ್ನು ಎಣಿಸುವ ಸಾಧನವನ್ನು ಕಂಡು, ವ್ಯಾಪಾರವನ್ನೂ ಹೀಗೆಯೇ ಎಣಿಸಬಹುದಲ್ಲವೆ ಎಂದು ಅವನಿಗೆ ಹೊಳೆಯಿತಂತೆ. 1879ರಲ್ಲಿ ಅವನೂ ಅವನ ಸಹೋದರನೂ ಪೇಟೆಂಟು ಪಡೆದ ಯಂತ್ರವೇ ಇಂದಿನ ಕ್ಯಾಶ್ ರಿಜಿಸ್ಟರಿನ ಮೂಲ. ಯಂತ್ರವು ಕಳ್ಳನನ್ನು ಹಿಡಿಯಲಿಲ್ಲ. ಪ್ರತಿಯೊಂದು ಮಾರಾಟಕ್ಕೂ ಗುರುತು ಉಳಿಯುವಂತೆ ಮಾಡಿತು. ಮುಖ್ಯವಾದ ತತ್ತ್ವ ಇದೇ.

ನಮ್ಮ ಅಂಗಡಿಗಳಲ್ಲಿ ಕಳವು ಸಾಮಾನ್ಯವಾಗಿ ಗುರುತು ಇಲ್ಲದೆಡೆಯಲ್ಲಿಯೇ ನಡೆಯುತ್ತದೆ. ಮಾಲು ಕೊಟ್ಟು ಹಣ ಪಡೆದು ಚೀಟಿ ಬರೆಯದಿರುವುದು ಒಂದು ಬಗೆ. ಪರಿಚಿತ ಗಿರಾಕಿಗೆ ಒಂದು ಸೀರೆಯ ಬೆಲೆಗೆ ಎರಡನ್ನು ಕಟ್ಟಿಕೊಡುವುದು ಇನ್ನೊಂದು. ಗಿರಾಕಿಯು ಉದ್ರಿ ತೀರಿಸಲು ತಂದ ಹಣವನ್ನು ಇಟ್ಟುಕೊಂಡು, ಖಾತೆಯಲ್ಲಿ ಬಾಕಿಯನ್ನು ಹಾಗೆಯೇ ಬಿಡುವುದು ಮೂರನೆಯದು. ಮಾಲು ಇಳಿಸುವಾಗ ವಾಹನದವನೊಡನೆ ಕೂಡಿ 20 ಪೆಟ್ಟಿಗೆ ಬಂದಲ್ಲಿ 19 ಇಳಿಸಿ, 20ಕ್ಕೆ ಸಹಿ ಹಾಕುವುದು ನಾಲ್ಕನೆಯದು. ಈಗ ಫೋನಿನಿಂದ ಹಣ ಕೊಡುವ ರೂಢಿ ಬಂದಿರುವುದರಿಂದ ಐದನೆಯದೊಂದು ಸೇರಿದೆ: ಅಂಗಡಿಯ ಕ್ಯೂಆರ್ ಚೀಟಿಯ ಜಾಗದಲ್ಲಿ ತನ್ನದನ್ನು ತೋರಿಸುವುದು.

ಇವುಗಳನ್ನು ಪತ್ತೆಹಚ್ಚಲು ಗೂಢಚಾರರು ಬೇಕಿಲ್ಲ. ಕೂಡುವ ಕಳೆಯುವ ಲೆಕ್ಕ ಸಾಕು. ಒಂದು ಉದಾಹರಣೆ ನೋಡೋಣ. ತಿಂಗಳ ಮೊದಲಿಗೆ 120 ಟವೆಲ್ ಇದ್ದವು. ನಡುವೆ 60 ಬಂದವು. ಚೀಟಿಗಳ ಪ್ರಕಾರ 95 ಮಾರಿದವು. ಹಾಗಾದರೆ 85 ಉಳಿಯಬೇಕು. ಎಣಿಸಿದಾಗ 81 ಸಿಕ್ಕರೆ ನಾಲ್ಕರ ಕೊರತೆ. ಗಲ್ಲೆಗೂ ಇದೇ ನಿಯಮ. ಮುಂಜಾನೆ 1,000 ರೂಪಾಯಿ, ರೋಖ ವ್ಯಾಪಾರ 8,400, ಉದ್ರಿ ವಸೂಲಿ 1,250. ಇವುಗಳಲ್ಲಿ ಖರ್ಚು 650 ಕಳೆದರೆ ರಾತ್ರಿ ಪೆಟ್ಟಿಗೆಯಲ್ಲಿ 10,000 ಇರಲೇಬೇಕು. ವರ್ಷಕ್ಕೊಮ್ಮೆ ದೀಪಾವಳಿಗೆ ಎಲ್ಲವನ್ನೂ ಎಣಿಸುವುದಕ್ಕಿಂತ, ವಾರಕ್ಕೆ ಹತ್ತೇ ವಸ್ತುಗಳನ್ನು ಎಣಿಸುವುದು ಹೆಚ್ಚು ಫಲಕಾರಿ. ಕೊರತೆ ಯಾವ ವಾರದ್ದೆಂದು ಆಗಲೇ ತಿಳಿಯುತ್ತದೆ.

ಆದರೆ ಕೊರತೆಯೆಲ್ಲವೂ ಕಳವಲ್ಲ. ಇದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಬೆಲ್ಲ, ಒಣಮೆಣಸಿನಕಾಯಿಗಳು ಇಟ್ಟಲ್ಲಿಯೇ ಒಣಗಿ ತೂಕ ಇಳಿಯುತ್ತವೆ. ಇಲಿ ತಿನ್ನುತ್ತದೆ. ಸಗಟು ವ್ಯಾಪಾರಿಯಿಂದಲೇ ಕಡಿಮೆ ಬಂದಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಮಾಲಕರ ಮನೆಯವರೇ ಗಲ್ಲೆಗೆ ಕೈಹಾಕಿ ನೂರು ಇನ್ನೂರು ತೆಗೆದುಕೊಂಡು ಬರೆಯದೆ ಹೋಗುತ್ತಾರೆ. ಮಗ ತೆಗೆದುಕೊಂಡದ್ದು ಖರ್ಚು, ಆಳು ಮುಟ್ಟಿದ್ದು ಕಳವು ಎಂಬ ಲೆಕ್ಕ ಯಾವ ಕೀರ್ದಿಯಲ್ಲಿಯೂ ಸರಿಹೊಂದಲಾರದು.

ನಾನು ಹೈಸ್ಕೂಲಿನಲ್ಲಿದ್ದಾಗ ತಂದೆಯವರು ದುಡಿಯುತ್ತಿದ್ದ ಅಂಗಡಿಯಲ್ಲಿ 3,000 ರೂಪಾಯಿ ಕಡಿಮೆ ಬಿತ್ತು. ಯಾರನ್ನೂ ವಿಚಾರಿಸದೆ ಮೂವರು ಆಳುಗಳ ಪಗಾರ ನಿಲ್ಲಿಸಿದರು. ಹನ್ನೊಂದು ದಿನಗಳ ತರುವಾಯ, ಒಬ್ಬ ಗಿರಾಕಿಯ ಉದ್ರಿ ಬೇರೊಬ್ಬನ ಪುಟದಲ್ಲಿ ಜಮೆಯಾಗಿ ಬರೆಯಲ್ಪಟ್ಟಿದ್ದು ಕಂಡಿತು. ಪಗಾರ ಮರಳಿ ಬಂತು. ಆದರೆ ಆ ಹನ್ನೊಂದು ದಿನ ತಂದೆಯವರು ಸಂಜೆ ಕಟ್ಟೆಯ ಮೇಲೆ ಕೂಡಲಿಲ್ಲ. ಸಣ್ಣ ಊರಿನಲ್ಲಿ ಕಳ್ಳನೆಂಬ ಹೆಸರು ಬಂದವನಿಗೆ ಇನ್ನೊಂದು ಅಂಗಡಿಯ ಬಾಗಿಲು ತೆರೆಯುವುದು ಕಷ್ಟ; ಮನೆಯ ಹೆಣ್ಣುಮಕ್ಕಳ ಸಂಬಂಧಗಳಿಗೂ ಅದು ಅಡ್ಡಬರುತ್ತದೆ.

ಆದುದರಿಂದ ಕೊರತೆ ಕಂಡಾಗ ಮೊದಲು ಮತ್ತೊಮ್ಮೆ ಎಣಿಸಬೇಕು, ಬೇರೊಬ್ಬರಿಂದ ಎಣಿಸಬೇಕು. ಬಳಿಕ ಕಾಗದಗಳನ್ನು ನೋಡಬೇಕು. ಸಂಶಯ ಒಬ್ಬನ ಮೇಲೆಯೇ ನಿಂತರೆ ಚೀಟಿ, ಖಾತೆ, ಕ್ಯಾಮರಾ ಇದ್ದರೆ ಅದರ ಚಿತ್ರ ಇವನ್ನು ಕಾಯ್ದಿಡಬೇಕು. ಗಿರಾಕಿಗಳ ಎದುರಿಗೆ ಕೂಗಾಡದೆ, ಒಬ್ಬ ಸಾಕ್ಷಿಯನ್ನಿಟ್ಟುಕೊಂಡು ಒಳಗೆ ಕರೆದು ಕೇಳಬೇಕು. ಅವನು ಹೇಳುವುದನ್ನು ಬರೆದುಕೊಳ್ಳಬೇಕು. ಹೊಡೆಯುವುದು, ಕೋಣೆಯಲ್ಲಿ ಕೂಡಿಹಾಕುವುದು, ಬರಿ ಕಾಗದಕ್ಕೆ ಸಹಿ ಹಾಕಿಸುವುದು ಸಲ್ಲದು. ಹೊಡೆದವನೂ ಕೂಡಿಹಾಕಿದವನೂ ತಾವೇ ಅಪರಾಧಿಗಳಾಗುತ್ತಾರೆ.

ಕಾಯಿದೆಯು ಎರಡೂ ಕಡೆ ನೋಡಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 306ನೆಯ ಕಲಮಿನಂತೆ, ಯಜಮಾನನ ಸ್ವತ್ತನ್ನು ಕದ್ದ ನೌಕರನಿಗೆ 7 ವರ್ಷಗಳವರೆಗೆ ಶಿಕ್ಷೆಯಾಗಬಹುದು. ಹಿಂದಿನ ದಂಡಸಂಹಿತೆಯಲ್ಲಿ ಇದು 381ನೆಯ ಕಲಮಾಗಿತ್ತು. ಇತ್ತ, ನಷ್ಟಕ್ಕಾಗಿ ಪಗಾರದಲ್ಲಿ ಹಿಡಿಯುವ ಮುನ್ನ ಕೆಲಸಗಾರನಿಗೆ ಕಾರಣ ಹೇಳಿಕೊಳ್ಳುವ ಅವಕಾಶ ಕೊಡಬೇಕೆಂದು ಹಿಂದೆ 1936ರ ವೇತನ ಪಾವತಿ ಕಾಯಿದೆ ಹೇಳುತ್ತಿತ್ತು; ಈಗ 2019ರ ವೇತನ ಸಂಹಿತೆಯೂ ಹಾಗೆಯೇ ಹೇಳುತ್ತದೆ. ಆರು ತಿಂಗಳು ಸತತ ದುಡಿದವನನ್ನು ಯೋಗ್ಯ ಕಾರಣವಿಲ್ಲದೆ ತೆಗೆಯಬಾರದು, ಒಂದು ತಿಂಗಳ ನೋಟೀಸನ್ನಾಗಲಿ ಅದರ ಬದಲು ಪಗಾರವನ್ನಾಗಲಿ ಕೊಡಬೇಕು ಎಂಬುದು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ವಿಧಿ. ವಿಚಾರಣೆಯಲ್ಲಿ ದುರ್ನಡತೆಯು ಸಾಕ್ಷ್ಯದಿಂದ ಸಿದ್ಧಪಟ್ಟರೆ ಮಾತ್ರ ನೋಟೀಸು ಬೇಕಾಗುವುದಿಲ್ಲ. ವಿಚಾರಣೆಯಿಲ್ಲದ ಶಿಕ್ಷೆಯನ್ನು ಕಾಯಿದೆ ಒಪ್ಪುವುದಿಲ್ಲವೆಂಬುದು ಇದರ ಸಾರ.

ಕಳವಾದ ಮೇಲೆ ಹಿಡಿಯುವುದಕ್ಕಿಂತ ಆಗದಂತೆ ನೋಡುವುದು ಸುಲಭ. ಮಾಲು ಕೊಡುವವನೊಬ್ಬ, ಹಣ ಪಡೆಯುವವನೊಬ್ಬ ಇರಲಿ. ಚೀಟಿಗೆ ಪ್ರತಿ ಇರಲಿ. ಉದ್ರಿ ಗಿರಾಕಿಯ ಕೈಯಲ್ಲಿಯೂ ಒಂದು ಸಣ್ಣ ಪುಸ್ತಕವಿರಲಿ. ಫೋನಿನ ಹಣ ಬಂದ ಸದ್ದು ಅಂಗಡಿಯಲ್ಲಿಯೇ ಕೇಳಲಿ. ಮಾಲಕರ ಮನೆಯವರೂ ತೆಗೆದುಕೊಂಡದ್ದನ್ನು ಬರೆಯಲಿ. ಪಗಾರ ಹೊತ್ತಿಗೆ ಸರಿಯಾಗಿ ಸಿಗಲಿ. ದವಾಖಾನೆಯ ಖರ್ಚು ಬಂದಾಗ ಮುಂಗಡ ಕೇಳುವ ಧೈರ್ಯ ಆಳಿಗಿರಲಿ. ಕೇಳಿ ಪಡೆಯುವ ದಾರಿ ತೆರೆದಿದ್ದರೆ ಕದಿಯುವ ದಾರಿಗೆ ಹೋಗುವವರು ಕಡಿಮೆ.

ಕೂಡಲಸಂಗಮವಿರುವ ನಮ್ಮ ಜಿಲ್ಲೆಯವರಿಗೆ ಬಸವಣ್ಣನವರ ಕಥೆ ತಿಳಿಯದುದಲ್ಲ. ಬಿಜ್ಜಳನ ಭಂಡಾರಿಯಾಗಿದ್ದ ಅವರು ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಹೊಟ್ಟೆಕಿಚ್ಚಿನವರು ಚಾಡಿ ಹೇಳಿದರೆಂದೂ, ಲೆಕ್ಕ ನೋಡಿದಾಗ ಏನೊಂದೂ ಕಡಿಮೆ ಇರಲಿಲ್ಲವೆಂದೂ ಐತಿಹ್ಯವಿದೆ. ಚಾಡಿಗೆ ಉತ್ತರ ಕೊಟ್ಟದ್ದು ಲೆಕ್ಕ. ನಮ್ಮಲ್ಲಿ ಅನೇಕರು ನಾಳೆ ಅಂಗಡಿಯ ಮಾಲಕರಾಗಬಹುದು, ಇನ್ನನೇಕರು ಗುಮಾಸ್ತರಾಗಬಹುದು. ಸರಿಯಾದ ಲೆಕ್ಕವು ಮಾಲಕನ ಗಂಟನ್ನು ಕಾಯುವಂತೆಯೇ ನಿಷ್ಠಾವಂತ ಆಳಿನ ಮಾನವನ್ನೂ ಕಾಯುತ್ತದೆ. ಆದುದರಿಂದ ಲೆಕ್ಕವನ್ನು ಕೇಳುವ ಹಕ್ಕು ಮಾಲಕನಿಗಿದ್ದಷ್ಟೇ ಆಳಿಗೂ ಇರತಕ್ಕದ್ದು.