ತೆರೆದುಕೊಳ್ಳದ ದೃಶ್ಯಕಡತಗಳು: ಕಾರಣ, ಪರೀಕ್ಷೆ, ಪರಿಹಾರ

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ದೃಶ್ಯಪಾಠವೊಂದು ಶಿಕ್ಷಕರ ಕೈಸೇರುವ ದಾರಿ ನೇರವಾದುದಲ್ಲ. ರಾಜ್ಯದ ಅಧಿಕೃತ ಭಾಷೆಯಲ್ಲಿ ಪಾಠಗಳು ಹೇರಳವಾಗಿ ದೊರೆಯುತ್ತವೆ, ಕನ್ನಡದವು ವಿರಳ. ಅವು ಒಬ್ಬ ಸಹೋದ್ಯೋಗಿಯ ಮೊಬೈಲಿನಿಂದ, ತರಬೇತಿಯಲ್ಲಿ ಹಂಚಿದ ಪೆನ್‌ಡ್ರೈವಿನಿಂದ, ಹಳೆಯ ಸಿ.ಡಿ.ಯಿಂದ ಕೈಯಿಂದ ಕೈಗೆ ಸಾಗಿ ಬರುತ್ತವೆ. ಹೀಗೆ ದೊರೆತ ಕಡತವು ಮನೆಯ ಗಣಕಯಂತ್ರದಲ್ಲಿ ತೆರೆದುಕೊಳ್ಳದಿದ್ದಾಗ ಅನೇಕರು 'ಫೈಲು ಕೆಟ್ಟಿದೆ' ಎಂದು ಅಳಿಸಿಬಿಡುತ್ತಾರೆ. ವಾಸ್ತವದಲ್ಲಿ ಇಂತಹ ಕಡತಗಳಲ್ಲಿ ಬಹುಪಾಲು ಕೆಟ್ಟಿರುವುದಿಲ್ಲ. ಅವುಗಳನ್ನು ಓದಬಲ್ಲ ಸಾಧನ ಆ ಯಂತ್ರದಲ್ಲಿ ಇರುವುದಿಲ್ಲ. ಈ ವ್ಯತ್ಯಾಸವನ್ನು ಗುರುತಿಸಲು ಕಲಿತರೆ ಮತ್ತೆ ದೊರೆಯದ ಎಷ್ಟೋ ಸಾಮಗ್ರಿಯನ್ನು ಉಳಿಸಿಕೊಳ್ಳಬಹುದು.

1. ಲಕೋಟೆ ಮತ್ತು ಲಿಪಿ

ದೃಶ್ಯಕಡತದ ಹೆಸರಿನ ಕೊನೆಯಲ್ಲಿ ಎಂಪಿ4, ಎಂಕೆವಿ, ಎವಿಐ, ಎಂಒವಿ ಮೊದಲಾದ ಅಕ್ಷರಗಳಿರುತ್ತವೆ. ಇವು ಕಡತದ ಹೊರಲಕೋಟೆಯನ್ನು ಮಾತ್ರ ಸೂಚಿಸುತ್ತವೆ. ಒಳಗಿನ ಚಿತ್ರವನ್ನೂ ಧ್ವನಿಯನ್ನೂ ಕಿರಿದುಗೊಳಿಸಿ ಬರೆದಿಡುವ ಕ್ರಮ ಬೇರೆಯೇ ಆಗಿದೆ. ಅದಕ್ಕೆ 'ಕೊಡೆಕ್' ಎಂದು ಹೆಸರು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಶಿಕ್ಷಕರಿಗೆ ಮೋಡಿ ಲಿಪಿಯ ಹಳೆಯ ಜಮೀನು ಕಾಗದಗಳ ಪರಿಚಯವಿರುತ್ತದೆ. ಮರಾಠಿಯನ್ನು ಸೊಗಸಾಗಿ ಬಲ್ಲವರೂ ಮೋಡಿಯನ್ನು ಕಲಿಯದಿದ್ದರೆ ಆ ಕಾಗದವನ್ನು ಓದಲಾರರು. ಕಾಗದ ಹರಿದಿಲ್ಲ, ಭಾಷೆಯೂ ಅಪರಿಚಿತವಲ್ಲ. ಲಿಪಿ ಮಾತ್ರ ತಿಳಿಯದು. ಕೊಡೆಕ್ ಇಲ್ಲದ ಗಣಕಯಂತ್ರದ ಸ್ಥಿತಿಯೂ ಇದೇ.

ಇಂದು ಹೆಚ್ಚು ಬಳಕೆಯಲ್ಲಿರುವ ಚಿತ್ರ ಕೊಡೆಕ್ಕುಗಳು ಎರಡು. 2003ರಲ್ಲಿ ರೂಪುಗೊಂಡ ಎಚ್.264 ಮೊದಲನೆಯದು; ಇದನ್ನು ಹಳೆಯ ಯಂತ್ರಗಳೂ ಓದಬಲ್ಲವು. 2013ರಲ್ಲಿ ಬಂದ ಎಚ್.265 ಎರಡನೆಯದು, ಇದಕ್ಕೆ ಎಚ್‌ಇವಿಸಿ ಎಂಬ ಹೆಸರೂ ಇದೆ. ಅದೇ ಗುಣಮಟ್ಟದ ಚಿತ್ರವನ್ನು ಇದು ಸುಮಾರು ಅರ್ಧದಷ್ಟು ಜಾಗದಲ್ಲಿ ಅಡಕಗೊಳಿಸುತ್ತದೆ. ಆದರೆ ಓದಲು ಯಂತ್ರಕ್ಕೆ ಹೆಚ್ಚು ಶ್ರಮವಾಗುತ್ತದೆ. 2017ರಿಂದೀಚೆಗೆ ಐಫೋನುಗಳು ಸಾಮಾನ್ಯವಾಗಿ ಈ ಹೊಸ ಕ್ರಮದಲ್ಲೇ ಚಿತ್ರೀಕರಿಸುತ್ತವೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಈ ಆಯ್ಕೆಯಿದೆ. ಹೊಸ ಫೋನಿನಲ್ಲಿ ತೆಗೆದ ಪಾಠ ಹಳೆಯ ಗಣಕಯಂತ್ರದಲ್ಲಿ ಮೌನವಾಗುವುದಕ್ಕೆ ಇದೇ ಮುಖ್ಯ ಕಾರಣ. ಎರಡೂ ಕಡತಗಳ ಹೆಸರು 'ಎಂಪಿ4' ಎಂದೇ ಮುಗಿಯಬಹುದು. ಲಕೋಟೆ ಒಂದೇ, ಲಿಪಿ ಬೇರೆ.

ಇಲ್ಲಿಂದ ಒಂದು ಮುಖ್ಯ ಸಂಗತಿ ಸ್ಪಷ್ಟವಾಗುತ್ತದೆ. ಹೆಸರಿನ ಕೊನೆಯ ಅಕ್ಷರಗಳನ್ನು ತಿದ್ದುವುದರಿಂದ ಕಡತದ ಸ್ವರೂಪ ಬದಲಾಗುವುದಿಲ್ಲ. ಲಕೋಟೆಯ ಮೇಲಿನ ವಿಳಾಸವನ್ನು ಅಳಿಸಿ ಬರೆದರೆ ಒಳಗಿನ ಪತ್ರ ಬೇರೆ ಲಿಪಿಗೆ ತಿರುಗದು.

2. ಪರೀಕ್ಷೆಯ ಕ್ರಮ

ಚಿಕಿತ್ಸೆಗೆ ಮೊದಲು ಲಕ್ಷಣವನ್ನು ನೋಡಬೇಕು. ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಅನುಸರಿಸುವುದು ಒಳ್ಳೆಯದು. ಮೊದಲಿನವು ಸುಲಭ, ಕೊನೆಯವು ಶ್ರಮದವು.

ಅ) ಗಾತ್ರವನ್ನು ನೋಡಿ. ಕಡತದ ಮೇಲೆ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ತೆರೆಯಿರಿ. ಗಾತ್ರ ಸೊನ್ನೆ ಎಂದಿದ್ದರೆ ಒಳಗೆ ಏನೂ ಇಲ್ಲ. ಮೂಲದಲ್ಲಿರುವ ಗಾತ್ರಕ್ಕಿಂತ ಕಡಿಮೆಯಿದ್ದರೆ ನಕಲು ಅರ್ಧಕ್ಕೆ ನಿಂತಿದೆ. ಪೆನ್‌ಡ್ರೈವನ್ನು 'ಇಜೆಕ್ಟ್' ಮಾಡದೆ ಎಳೆದಾಗ ಹೀಗಾಗುವುದುಂಟು. ಎರಡೂ ಸಂದರ್ಭಗಳಲ್ಲಿ ಮೂಲದಿಂದ ಮತ್ತೊಮ್ಮೆ ನಕಲು ಮಾಡಿಕೊಳ್ಳುವುದೇ ಪರಿಹಾರ.

ಆ) ಗಣಕಯಂತ್ರಕ್ಕೆ ನಕಲಿಸಿ. ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಅಥವಾ ತಂತಿ ಜೋಡಿಸಿದ ಫೋನಿನಿಂದ ನೇರವಾಗಿ ನುಡಿಸಬೇಡಿ. ಮೊದಲು ಯಂತ್ರದ ಡಿಸ್ಕಿಗೆ ಇಳಿಸಿಕೊಳ್ಳಿ. ಜಿಪ್ ಕಟ್ಟಿನೊಳಗಿರುವ ಕಡತವನ್ನು ಹೊರತೆಗೆದೇ ನುಡಿಸಿ. ಒನ್‌ಡ್ರೈವ್ ಕಡತದ ಪಕ್ಕದಲ್ಲಿ ಮೋಡದ ಗುರುತಿದ್ದರೆ ಅದು ಇನ್ನೂ ನಿಮ್ಮ ಯಂತ್ರಕ್ಕೆ ಇಳಿದಿಲ್ಲವೆಂದು ತಿಳಿಯಬೇಕು.

ಇ) ಎರಡು ಬಗೆಯ ಹೋಲಿಕೆ ಮಾಡಿ. ಅದೇ ಯಂತ್ರದಲ್ಲಿ, ಅದೇ ತಂತ್ರಾಂಶದಲ್ಲಿ ಬೇರೊಂದು ಕಡತವನ್ನು ನುಡಿಸಿ ನೋಡಿ. ಅದೂ ನುಡಿಯದಿದ್ದರೆ ದೋಷ ಯಂತ್ರದ್ದು ಅಥವಾ ತಂತ್ರಾಂಶದ್ದು. ಅದು ನುಡಿದರೆ ತೊಂದರೆಯ ಕಡತವನ್ನು ಬೇರೊಂದು ಯಂತ್ರದಲ್ಲಿ ನೋಡಿ. ಅಲ್ಲಿ ನುಡಿದರೆ ಕಡತ ಸರಿಯಾಗಿದೆ, ನಿಮ್ಮ ಯಂತ್ರಕ್ಕೆ ಕೊಡೆಕ್ ಇಲ್ಲ. ಎಲ್ಲಿಯೂ ನುಡಿಯದಿದ್ದರೆ ಮಾತ್ರ ಕಡತ ಹಾನಿಗೊಂಡಿರುವ ಸಂಶಯಕ್ಕೆ ಎಡೆಯಿದೆ.

ಈ) ಹೆಸರಿನ ಪೂರ್ಣ ರೂಪ ನೋಡಿ. ವಿಂಡೋಸಿನ 'ವ್ಯೂ' ಪಟ್ಟಿಯಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬುದನ್ನು ಗುರುತುಹಾಕಿ. ಪಾಠದ ಹೆಸರಿನ ಕೊನೆಗೆ 'ಇಎಕ್ಸ್‌ಇ' ಎಂದಿದ್ದರೆ ಅದು ದೃಶ್ಯವಲ್ಲ, ತಂತ್ರಾಂಶ. ಅದನ್ನು ತೆರೆಯಬಾರದು.

3. ಮೊದಲ ಪರಿಹಾರ: ಎಲ್ಲವನ್ನೂ ಓದಬಲ್ಲ ಸಾಧನ

ವಿಂಡೋಸಿನೊಡನೆ ಬರುವ ನುಡಿಸುವ ತಂತ್ರಾಂಶವು ಯಂತ್ರದಲ್ಲಿ ಅಳವಟ್ಟ ಕೊಡೆಕ್ಕುಗಳನ್ನು ಅವಲಂಬಿಸಿದೆ. ವಿಎಲ್‌ಸಿ ಹಾಗಲ್ಲ, ತನಗೆ ಬೇಕಾದ ಕೊಡೆಕ್ಕುಗಳನ್ನು ತನ್ನೊಳಗೇ ಹೊತ್ತು ತರುತ್ತದೆ. ಪ್ಯಾರಿಸ್ಸಿನ ಕಾಲೇಜೊಂದರಲ್ಲಿ 1996ರಲ್ಲಿ ವಿದ್ಯಾರ್ಥಿಗಳ ಯೋಜನೆಯಾಗಿ ಆರಂಭಗೊಂಡ ಈ ತಂತ್ರಾಂಶ 2001ರಿಂದ ಮುಕ್ತ ಪರವಾನಗಿಯಡಿ ಲಭ್ಯವಿದೆ. ಇದಕ್ಕೆ ಶುಲ್ಕವಿಲ್ಲ. ಇದನ್ನು ವಿಡಿಯೊಲ್ಯಾನ್ ಸಂಸ್ಥೆಯ ಸ್ವಂತ ಜಾಲತಾಣದಿಂದ ಮಾತ್ರ ಇಳಿಸಿಕೊಳ್ಳಬೇಕು. 'ಈ ವಿಡಿಯೊ ನೋಡಲು ಕೊಡೆಕ್ ಪ್ಯಾಕ್ ಇಳಿಸಿಕೊಳ್ಳಿ' ಎಂದು ಪರದೆಯ ಮೇಲೆ ಬರುವ ಆಹ್ವಾನಗಳನ್ನು ನಂಬಬಾರದು. ವೈರಸ್ಸುಗಳು ಯಂತ್ರವನ್ನು ಹೊಗುವ ಹಳೆಯ ಬಾಗಿಲು ಅದು.

ಕಾಸರಗೋಡಿನ ಶಿಕ್ಷಕರು ಇನ್ನೊಂದು ಅಂಶವನ್ನು ಗಮನಿಸಬೇಕು. ಕೇರಳದ ಶಾಲೆಗಳಲ್ಲಿ ಉಬುಂಟು ಆಧಾರಿತ ಜಿಎನ್‌ಯು ಲಿನಕ್ಸ್ ಬಳಕೆಯಲ್ಲಿದೆ. ಆದರೆ ಮನೆಯ ಯಂತ್ರದಲ್ಲಿ ವಿಂಡೋಸ್ ಇರಬಹುದು. ಮನೆಯಲ್ಲಿ ನುಡಿದದ್ದು ಶಾಲೆಯಲ್ಲಿಯೂ, ಶಾಲೆಯಲ್ಲಿ ನುಡಿದದ್ದು ಮನೆಯಲ್ಲಿಯೂ ನುಡಿಯುವುದೆಂಬ ಭರವಸೆಯಿಲ್ಲ. ವಿಎಲ್‌ಸಿ ಎರಡು ಕಡೆಗಳಲ್ಲೂ ಒಂದೇ ರೀತಿ ಕೆಲಸ ಮಾಡುವುದರಿಂದ ಎರಡರಲ್ಲೂ ಅದನ್ನೇ ಬಳಸುವುದು ಅನುಕೂಲ.

ತರಬೇತಿಗಳಲ್ಲಿ ಹಿಂದೆ ಹಂಚಿದ ಸಿ.ಡಿ., ಡಿ.ವಿ.ಡಿ.ಗಳನ್ನೂ ವಿಎಲ್‌ಸಿ ಓದುತ್ತದೆ. ವಿ.ಸಿ.ಡಿ.ಯಲ್ಲಿ 'ಡಿಎಟಿ' ಎಂದು, ಡಿ.ವಿ.ಡಿ.ಯಲ್ಲಿ 'ವಿಒಬಿ' ಎಂದು ಮುಗಿಯುವ ಕಡತಗಳೇ ಪಾಠಗಳು. ಇಂತಹ ತಟ್ಟೆಗಳು ಕಾಲಕ್ರಮದಲ್ಲಿ ಹಾಳಾಗುತ್ತವೆ. ಓದಲು ಸಾಧ್ಯವಿರುವಾಗಲೇ ಅವುಗಳನ್ನು ಯಂತ್ರಕ್ಕೆ ನಕಲಿಸಿಡುವುದು ಜಾಣತನ.

4. ಅರೆಬರೆ ನುಡಿಯುವ ಕಡತಗಳು

ಧ್ವನಿ ಬರುತ್ತದೆ, ಚಿತ್ರವಿಲ್ಲ: ಚಿತ್ರದ ಕೊಡೆಕ್ ಇಲ್ಲ. ವಿಎಲ್‌ಸಿಯಲ್ಲಿಯೂ ಪರದೆ ಕಪ್ಪಾಗಿ ಅಥವಾ ಹಸಿರಾಗಿ ಕಂಡರೆ 'ಟೂಲ್ಸ್', 'ಪ್ರಿಫರೆನ್ಸಸ್', 'ಇನ್‌ಪುಟ್ / ಕೊಡೆಕ್ಸ್' ಎಂದು ಸಾಗಿ, 'ಹಾರ್ಡ್‌ವೇರ್ ಆಕ್ಸಲರೇಟೆಡ್ ಡಿಕೋಡಿಂಗ್' ಎಂಬಲ್ಲಿ 'ಡಿಸೇಬಲ್' ಆರಿಸಿ, ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಿರಿ.

ಚಿತ್ರ ಬರುತ್ತದೆ, ಧ್ವನಿಯಿಲ್ಲ: ಮೊದಲು ಧ್ವನಿವರ್ಧಕದ ಗುರುತನ್ನು ನೋಡಿ. ಪ್ರೊಜೆಕ್ಟರನ್ನು ಎಚ್‌ಡಿಎಂಐ ತಂತಿಯಿಂದ ಜೋಡಿಸಿದಾಗ ಧ್ವನಿಯೂ ಅತ್ತ ಹರಿದುಹೋಗಬಹುದು. ಧ್ವನಿ ಹೊರಡುವ ಸಾಧನವನ್ನು ಬದಲಿಸಿದರೆ ಸರಿಯಾಗುತ್ತದೆ.

ಚಿತ್ರ ತಡವರಿಸುತ್ತದೆ: ಕಡತ ಸರಿಯಾಗಿದೆ, ಯಂತ್ರದ ಶಕ್ತಿ ಸಾಲದು. ಹಳೆಯ ಯಂತ್ರಗಳಲ್ಲಿ ಎಚ್.265 ಕಡತಗಳು ಹೀಗೆ ವರ್ತಿಸುತ್ತವೆ. ಇತರ ತಂತ್ರಾಂಶಗಳನ್ನು ಮುಚ್ಚಿ ನೋಡಿ; ಆಗಲೂ ಸರಿಯಾಗದಿದ್ದರೆ ಕಡತವನ್ನು ಪರಿವರ್ತಿಸಬೇಕು.

ಕನ್ನಡ ಅಡಿಬರಹ ಚೌಕಗಳಾಗಿ ಕಾಣುತ್ತದೆ: ಅಡಿಬರಹದ ಕಡತ ಯುಟಿಎಫ್-8 ಯೂನಿಕೋಡಿನಲ್ಲಿರಬೇಕು. ವಿಎಲ್‌ಸಿಯ 'ಸಬ್‌ಟೈಟಲ್ಸ್' ವಿಭಾಗದಲ್ಲಿ ಅದೇ ಸಂಕೇತವನ್ನೂ ಕನ್ನಡ ಅಕ್ಷರಶೈಲಿಯೊಂದನ್ನೂ ಆರಿಸಬೇಕು. ನುಡಿ ತಂತ್ರಾಂಶದ ಹಳೆಯ, ಯೂನಿಕೋಡಲ್ಲದ ಅಕ್ಷರಗಳಲ್ಲಿ ಬೆರಳಚ್ಚಿಸಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಅದನ್ನು ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು.

5. ಪರಿವರ್ತನೆ

ಕಡತದ ಒಳಲಿಪಿ ಯಾವುದೆಂದು ತಿಳಿಯಲು ವಿಎಲ್‌ಸಿಯಲ್ಲಿ ಅದನ್ನು ತೆರೆದು 'ಟೂಲ್ಸ್' ಪಟ್ಟಿಯ 'ಕೊಡೆಕ್ ಇನ್‌ಫರ್ಮೇಶನ್' ನೋಡಿ. ಎಚ್.265 ಎಂದಿದ್ದು, ಶಾಲೆಯ ಯಂತ್ರ ಹಳೆಯದಾಗಿದ್ದರೆ ಎಚ್.264ಕ್ಕೆ ಪರಿವರ್ತಿಸುವುದು ಕ್ಷೇಮ. 'ಮೀಡಿಯಾ' ಪಟ್ಟಿಯಲ್ಲಿ 'ಕನ್‌ವರ್ಟ್ / ಸೇವ್' ಆರಿಸಿ, ಕಡತವನ್ನು ಸೇರಿಸಿ, ಎಚ್.264 ಮತ್ತು ಎಂಪಿ4 ಎಂದಿರುವ ಮಾದರಿಯನ್ನು ಆಯ್ದು, ಹೊಸ ಹೆಸರು ಕೊಟ್ಟು ಆರಂಭಿಸಿ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಈ ಕೆಲಸವನ್ನು ಇನ್ನಷ್ಟು ಅಚ್ಚುಕಟ್ಟಾಗಿ ಮಾಡುತ್ತದೆ. ಅದರ 'ಫಾಸ್ಟ್ 720ಪಿ30' ಮಾದರಿ ತರಗತಿಗೆ ಸಾಕು. ಹಳೆಯ ಯಂತ್ರದಲ್ಲಿ ಪರಿವರ್ತನೆಗೆ ಪಾಠದ ಅವಧಿಗಿಂತ ಹೆಚ್ಚು ಕಾಲ ಬೇಕಾಗಬಹುದು. ಆದ್ದರಿಂದ ಇದು ಹಿಂದಿನ ರಾತ್ರಿಯ ಕೆಲಸ, ತರಗತಿಯ ಬಾಗಿಲಲ್ಲಿ ನಿಂತು ಮಾಡುವ ಕೆಲಸವಲ್ಲ. ಹೊಸ ಕಡತವನ್ನು ಕೊನೆಯವರೆಗೆ ನೋಡಿ ಖಚಿತಪಡಿಸಿಕೊಂಡ ಮೇಲೂ ಮೂಲ ಕಡತವನ್ನು ಅಳಿಸಬೇಡಿ. ಪ್ರತಿ ಪರಿವರ್ತನೆಯಲ್ಲೂ ಚಿತ್ರದ ಗುಣ ಸ್ವಲ್ಪ ಕುಗ್ಗುತ್ತದೆ.

ಕೆಲವು ಕಡತಗಳು ಪರಿವರ್ತನೆಗೆ ಒಗ್ಗುವುದಿಲ್ಲ. ಆ್ಯಪ್‌ಗಳೊಳಗೆ 'ಆಫ್‌ಲೈನ್' ಎಂದು ಉಳಿಸಿದ ದೃಶ್ಯಗಳು ಆ ಆ್ಯಪ್‌ನಲ್ಲಿ ಮಾತ್ರ ತೆರೆಯುವಂತೆ ರಚಿತವಾಗಿರುತ್ತವೆ. ಅವುಗಳನ್ನು ಆ್ಯಪ್ ಮೂಲಕವೇ ತೋರಿಸಬೇಕು.

6. ನಿಜವಾಗಿಯೂ ಹಾನಿಗೊಂಡ ಕಡತ

ತಾಳವಾಡಿಯ ಶಿಕ್ಷಕರು ಮಾದಪ್ಪನ ಪದಗಳನ್ನು, ಅಕ್ಕಲಕೋಟೆಯ ಶಿಕ್ಷಕರು ಬೀಸುವ ಪದಗಳನ್ನು ಊರಿನ ಹಿರಿಯರಿಂದ ಹಾಡಿಸಿ ಮುದ್ರಿಸಿಕೊಳ್ಳಬಹುದು. ಹಾಡು ಮುಗಿಯುವ ಮೊದಲೇ ಫೋನಿನ ಬ್ಯಾಟರಿ ಆರಿಹೋಯಿತೆನ್ನಿ. ಕಡತ ಇದೆ, ಗಾತ್ರವೂ ದೊಡ್ಡದಿದೆ, ಆದರೆ ಎಲ್ಲಿಯೂ ತೆರೆಯುವುದಿಲ್ಲ. ಯಾವ ದೃಶ್ಯ ಎಲ್ಲಿದೆಯೆಂಬ ವಿಷಯಸೂಚಿಯನ್ನು ಎಂಪಿ4 ಕಡತಕ್ಕೆ ಫೋನು ಸಾಮಾನ್ಯವಾಗಿ ಚಿತ್ರೀಕರಣದ ಕೊನೆಯಲ್ಲಿ ಬರೆಯುತ್ತದೆ. ಮಧ್ಯದಲ್ಲಿ ನಿಂತರೆ ಸೂಚಿಯೇ ಇರುವುದಿಲ್ಲ. ಪುಟಗಳೆಲ್ಲ ಇವೆ, ಪುಟಸಂಖ್ಯೆಗಳಿಲ್ಲ ಎಂಬಂತಹ ಸ್ಥಿತಿ ಅದು.

ಇಂತಹ ಕಡತವನ್ನು ಅಳಿಸಬೇಡಿ. ಆ ಮೆಮೊರಿ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ, ಅದರಲ್ಲಿ ಹೊಸದಾಗಿ ಚಿತ್ರೀಕರಿಸಲೂ ಬೇಡಿ. ಅದೇ ಫೋನಿನಲ್ಲಿ, ಅದೇ ಹೊಂದಾಣಿಕೆಯಲ್ಲಿ ತೆಗೆದ ಸುಸ್ಥಿತಿಯ ಇನ್ನೊಂದು ಕಡತವನ್ನು ಜೊತೆಗಿಟ್ಟುಕೊಳ್ಳಿ. ಅದನ್ನು ಮಾದರಿಯಾಗಿಟ್ಟು ಸೂಚಿಯನ್ನು ಪುನಾರಚಿಸುವ 'ಅನ್‌ಟ್ರಂಕ್' ಎಂಬ ಮುಕ್ತ ತಂತ್ರಾಂಶವಿದೆ. ಬಳಸಲು ತುಸು ಪರಿಣತಿ ಬೇಕು. ಬಲ್ಲವರ ನೆರವು ಪಡೆಯಿರಿ. ಯಶಸ್ಸು ಖಚಿತವಲ್ಲ. ಆದರೆ ಹಾಡಿದವರು ಮತ್ತೊಮ್ಮೆ ಹಾಡಲು ಇರುತ್ತಾರೆಂಬುದೂ ಖಚಿತವಲ್ಲ. ಆದ್ದರಿಂದ ಪ್ರಯತ್ನ ಅಗತ್ಯ.

7. ಮುಂಜಾಗ್ರತೆ

• ಪಾಠವನ್ನು ಚಿತ್ರೀಕರಿಸುವ ಮೊದಲು ಕ್ಯಾಮೆರಾ ಹೊಂದಾಣಿಕೆಯಲ್ಲಿ ಎಚ್.264 ಅಥವಾ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿ. ದೀರ್ಘ ಚಿತ್ರೀಕರಣವನ್ನು ಹತ್ತು ನಿಮಿಷಗಳ ಭಾಗಗಳಾಗಿ ತೆಗೆಯಿರಿ. ಒಂದು ಕೆಟ್ಟರೂ ಉಳಿದವು ಉಳಿಯುತ್ತವೆ.
• ಎಫ್‌ಎಟಿ32 ವಿನ್ಯಾಸದ ಪೆನ್‌ಡ್ರೈವಿಗೆ 4 ಜಿಬಿ ಮೀರಿದ ಒಂದೇ ಕಡತ ಹಿಡಿಸುವುದಿಲ್ಲ, ಜಾಗ ಎಷ್ಟೇ ಖಾಲಿಯಿರಲಿ. ಎಕ್ಸ್‌ಫ್ಯಾಟ್ ವಿನ್ಯಾಸಕ್ಕೆ ಈ ಮಿತಿಯಿಲ್ಲ. ವಿನ್ಯಾಸ ಬದಲಿಸುವಾಗ ಒಳಗಿರುವುದೆಲ್ಲ ಅಳಿಯುವುದರಿಂದ ಮೊದಲು ಬೇರೆಡೆ ನಕಲಿಸಿಕೊಳ್ಳಿ.
• ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದು ಕಳುಹಿಸಿದರೆ ಚಿತ್ರದ ಗುಣ ಕುಗ್ಗುತ್ತದೆ. 'ಡಾಕ್ಯುಮೆಂಟ್' ಎಂದು ಕಳುಹಿಸಿದರೆ ಮೂಲರೂಪ ಉಳಿಯುತ್ತದೆ.
• ಪ್ರತಿ ಪಾಠದ ಎರಡು ಪ್ರತಿಗಳು ಎರಡು ಬೇರೆ ಸಾಧನಗಳಲ್ಲಿರಲಿ.
• ತರಗತಿಯ ಹಿಂದಿನ ದಿನ, ತೋರಿಸಲಿರುವ ಯಂತ್ರದಲ್ಲಿಯೇ ಆರಂಭ, ಮಧ್ಯ, ಅಂತ್ಯಗಳನ್ನು ನುಡಿಸಿ ನೋಡಿ.

ಶಾಲಾ ಸಂಕುಲ ಸಭೆಗೆ ಚಟುವಟಿಕೆ

1. ಪ್ರತಿಯೊಬ್ಬ ಶಿಕ್ಷಕರೂ ತಮ್ಮಲ್ಲಿರುವ, ತೆರೆದುಕೊಳ್ಳದ ಒಂದು ಕಡತವನ್ನು ತರಲಿ. ಎರಡನೆಯ ಭಾಗದ ಪರೀಕ್ಷೆಗಳನ್ನು ನಡೆಸಿ, ದೋಷ ಕಡತದ್ದೋ ಯಂತ್ರದ್ದೋ ಎಂದು ಗುಂಪಿನಲ್ಲಿ ನಿರ್ಣಯಿಸಲಿ.
2. ಒಂದೇ ಪಾಠದ ಎಚ್.264 ಮತ್ತು ಎಚ್.265 ರೂಪಗಳ ಗಾತ್ರವನ್ನು ಹೋಲಿಸಿ, ಶಾಲೆಯ ಯಂತ್ರದಲ್ಲಿ ಎರಡೂ ಹೇಗೆ ನುಡಿಯುತ್ತವೆಂದು ದಾಖಲಿಸಲಿ.
3. ಸಂಕುಲದ ಎಲ್ಲ ಕನ್ನಡ ದೃಶ್ಯಪಾಠಗಳ ಪಟ್ಟಿಯನ್ನು ತರಗತಿ, ವಿಷಯ, ಅವಧಿ, ಸ್ವರೂಪ ಎಂಬ ಕಲಂಗಳಲ್ಲಿ ಸಿದ್ಧಪಡಿಸಿ, ಒಂದು ಪ್ರತಿಯನ್ನು ಪ್ರತಿ ಶಾಲೆಯಲ್ಲಿಯೂ ಇರಿಸಲಿ.