ಮೈಸೂರು ಸಭಾಪ್ರಾಂತ: ಊರು ಮೊದಲು, ಬಿಷಪ್ ಆಮೇಲೆ

ಮೈಸೂರಿನ ಸರಸ್ವತಿಪುರಕ್ಕೆ ದೂರವಲ್ಲದ ಜೆ.ಎಲ್.ಬಿ. ರಸ್ತೆಯ ಹಾರ್ಡ್ವಿಕ್ ಶಾಲೆ, ಮಂಡಿ ಮೊಹಲ್ಲಾದಲ್ಲಿ ಜನ ಈಗಲೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ 1906ರ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಇವೆರಡೂ ಇಂದು ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿ.ಎಸ್.ಐ.ಗೆ ಸೇರಿವೆ. ಸಿ.ಎಸ್.ಐ. ಇಂಗ್ಲೆಂಡಿನ ಚರ್ಚಿನಿಂದ ಬೆಳೆದ ಜಗತ್ತಿನ ಆಂಗ್ಲಿಕನ್ ಬಳಗದ ಸದಸ್ಯ. ಅದಕ್ಕೆ ಬಿಷಪ್ಪರಿದ್ದಾರೆ, ಅವರ ಆಡಳಿತಕ್ಕೊಳಪಟ್ಟ ಸಭಾಪ್ರಾಂತಗಳಿವೆ. ಇಷ್ಟು ಕೇಳಿದವರು, ಇವನ್ನೆಲ್ಲ ಇಂಗ್ಲೆಂಡಿನ ರಾಜಮನೆತನದ ಚರ್ಚೇ ಕಟ್ಟಿರಬೇಕು ಎಂದುಕೊಳ್ಳುವುದು ಸಹಜ. ಆದರೆ ಎರಡನ್ನೂ ಕಟ್ಟಿದವರು ವೆಸ್ಲಿಯನ್ ಮೆಥಡಿಸ್ಟರು. ಬಿಷಪ್ ಎಂಬ ಹುದ್ದೆಯೇ ಅವರಲ್ಲಿರಲಿಲ್ಲ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸಭೆಗಳು ಹುಟ್ಟಿ ತಲೆಮಾರುಗಳು ಕಳೆದ ಮೇಲೆ ಸಭಾಪ್ರಾಂತ ಬಂತು. ಇದರ ಚರಿತ್ರೆಯನ್ನು ಬಿಷಪ್ಪರ ಪಟ್ಟಿಯಿಂದ ಬರೆಯಹೊರಟರೆ ಮುಕ್ಕಾಲು ಪಾಲು ಕೈಬಿಟ್ಟುಹೋಗುತ್ತದೆ.

ಬೆಂಗಳೂರಿನ ಸೇಂಟ್ ಮಾರ್ಕ್ಸ್ ಚರ್ಚು 1808ರದು, ಮೈಸೂರಿನಲ್ಲೇ ಸೇಂಟ್ ಬಾರ್ತಲೋಮಿಯೊ ಇದೆಯಲ್ಲ, ಆಂಗ್ಲಿಕನ್ನರು ಮೊದಲೇ ಇದ್ದರಲ್ಲ ಎಂದು ಯಾರಾದರೂ ಕೇಳಬಹುದು. ಇದ್ದರು, ನಿಜ. ಆದರೆ ಆ ದೇವಾಲಯಗಳು ದಂಡಿನವರಿಗೆ, ಅಧಿಕಾರಿಗಳಿಗೆ ಎಂದು ಎದ್ದಂಥವು. 1835ರಲ್ಲಿ ಮದ್ರಾಸಿಗೆ ಡೇನಿಯಲ್ ಕೋರಿ ಮೊದಲ ಬಿಷಪ್ಪರಾದ ಮೇಲೂ ಮೈಸೂರು ಆ ದೂರದ ಪೀಠದ ಒಂದು ಅಂಚಾಗಿಯೇ ಉಳಿಯಿತು. ಹಳ್ಳಿಯ ಹಾದಿ ಹಿಡಿದವರು ಬೇರೆಯವರು. 1821ರಲ್ಲಿ ಬೆಂಗಳೂರಿಗೆ ಬಂದ ವೆಸ್ಲಿಯನ್ನರೂ ಮೊದಲು ತಮಿಳರ ನಡುವೆಯೇ ಕೆಲಸ ಮಾಡಿದವರು. ಕನ್ನಡಕ್ಕೆ ಹೊರಳಿದ್ದು 1830ರ ದಶಕದಲ್ಲಿ. ಗುಬ್ಬಿಯಲ್ಲಿದ್ದ ಅವರ ಮಿಷನರಿ ವಿಲಿಯಂ ಆರ್ಥರ್ ಅಲ್ಲಿನ ಅನುಭವವನ್ನು 1847ರಲ್ಲಿ ಪುಸ್ತಕವಾಗಿಸಿದ. 1887ರಲ್ಲಿ ಮೈಸೂರಿನಿಂದ ವೆಸ್ಲಿಯನ್ನರ ‘ವೃತ್ತಾಂತ ಪತ್ರಿಕೆ’ ಹೊರಟಿತು. ಇತ್ತ ಊರುಗಳಲ್ಲಿ ಒಂದೇ ಕೋಣೆ, ಒಬ್ಬನೇ ಉಪದೇಶಿ: ವಾರವಿಡೀ ಮಗ್ಗಿ ಕಾಗುಣಿತ, ಭಾನುವಾರ ಅದೇ ಗೋಡೆಗಳ ನಡುವೆ ಆರಾಧನೆ. ಶಾಲೆಗೆ ಬಂದವರಲ್ಲಿ ಹೆಚ್ಚಿನವರು ಕ್ರೈಸ್ತರಾಗಲಿಲ್ಲ. ಸದಸ್ಯರ ತಲೆಯೆಣಿಕೆ ನೋಡಿ ಮಿಷನ್ ಸೋತಿತು ಎನ್ನುವವರು ಈ ಶಾಲೆಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಸಂಯುಕ್ತ ಸಭೆಗಳು ಒಂದಾದವು. ಹೀಗೆ ಹುಟ್ಟಿದ ಹೊಸ ಸಭೆ ಸಿ.ಎಸ್.ಐ.ನ ಹದಿನಾಲ್ಕು ಸಭಾಪ್ರಾಂತಗಳಲ್ಲಿ ಮೈಸೂರೂ ಒಂದು. ಮೊದಲ ಬಿಷಪ್ ಪಿ. ಗುರುಶಾಂತ ಮೆಥಡಿಸ್ಟರು, 1951ರಲ್ಲಿ ಬಂದ ನಾರ್ಮನ್ ಸಾರ್ಜೆಂಟ್ ಕೂಡ ಆ ಪಂಗಡದವರೇ. ಬಿಷಪ್ ಪದ್ಧತಿಯನ್ನು ಒಪ್ಪಿಕೊಂಡ ಮೇಲೆ ಮಿಕ್ಕವರನ್ನು ಆಂಗ್ಲಿಕನ್ನರು ನುಂಗಿದಂತಾಗಲಿಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಒಪ್ಪಂದದ ಷರತ್ತು ನೋಡಿ: ಹಿಂದೆ ಬಿಷಪ್ಪರ ಕೈಯಿಂದ ದೀಕ್ಷೆ ಪಡೆಯದ ಸಭಾಪಾಲಕರು ಮತ್ತೆ ದೀಕ್ಷೆ ಪಡೆಯಬೇಕಿರಲಿಲ್ಲ. ಈ ರಿಯಾಯಿತಿ ಸಹಿಸದೆ ಇಂಗ್ಲೆಂಡಿನ ಚರ್ಚು ಹೊಸ ಸಭೆಯೊಂದಿಗೆ ಪೂರ್ಣ ಸಂಬಂಧಕ್ಕೆ ಬರದೆ ಆಗ ದೂರ ನಿಂತಿತು. ಆಂಧ್ರದ ನಂದ್ಯಾಲದ ಸುತ್ತಿನ ಹಳ್ಳಿಗಳ ಬಹಳಷ್ಟು ಆಂಗ್ಲಿಕನ್ನರು ಕೂಟಕ್ಕೇ ಸೇರದೆ ದಶಕಗಳ ಕಾಲ ಹೊರಗುಳಿದರು. ನುಂಗಿದವರು ಹೀಗೆ ಮುನಿಸಿಕೊಂಡು ಕೂರುವುದಿಲ್ಲ.

ಹಾಗೆಂದು ಬಿಷಪ್ ಪೀಠ ಹಳ್ಳಿಗೆ ಒಗ್ಗದ ಪರದೇಶಿ ಸರಕು ಎನ್ನಲೂ ಆಗದು. ನಿಜಾಮರ ಸೀಮೆಯ ದೋರ್ನಕಲ್‌ನಲ್ಲಿ 1912ರಲ್ಲಿ ವಿ.ಎಸ್. ಅಜರಯ್ಯ ಮೊದಲ ಭಾರತೀಯ ಆಂಗ್ಲಿಕನ್ ಬಿಷಪ್ಪರಾದರು. 1939ರಲ್ಲಿ ಪ್ರತಿಷ್ಠೆಯಾದ ಅಲ್ಲಿನ ಕ್ಯಾಥೆಡ್ರಲ್‌ನಲ್ಲಿ ದೇಗುಲದ ಕಂಬವೂ ಮಸೀದಿಯ ಗುಮ್ಮಟವೂ ಜೊತೆಗಿವೆ. ಆದರೆ ಅಲ್ಲಿಯೂ ತಿರುನೆಲ್ವೇಲಿಯ ತಮಿಳು ಕ್ರೈಸ್ತರು ಮೊದಲೇ ಹೋಗಿ ನೆಲ ಹದ ಮಾಡಿದ್ದರು, ಪೀಠ ಆಮೇಲೆ ಬಂತು.

ಮೈಸೂರು ಸಭಾಪ್ರಾಂತ ಆ ಹೆಸರಿನಲ್ಲಿ ಕಾಲು ಶತಮಾನವೂ ಬಾಳಲಿಲ್ಲ. 1970ರ ದಶಕದ ಆರಂಭದಲ್ಲಿ ಅದು ಕರ್ನಾಟಕ ಉತ್ತರ, ಮಧ್ಯ, ದಕ್ಷಿಣ ಎಂದು ಮೂರಾಯಿತು. ವೆಸ್ಲಿಯನ್ನರ ಮೈಸೂರು ಈಗ ಮತ್ತೊಂದು ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಹಳೆಯ ನೆಲೆಯಾದ ಮಂಗಳೂರಿನ ಬಿಷಪ್ಪರ ಆಡಳಿತಕ್ಕೆ ಸೇರಿದೆ.